ಮೌಸಿಗೊಂದು ಮಣೆ

ಕೊಪ್ಪಳ ಜಿಲ್ಲೆಯಾದ ವರ್ಷವೇ ನಮ್ಮ ಮನೆಗೆ ಕಂಪ್ಯೂಟರ್ ಬಂತು. ಎರಡಕ್ಕೂ ಸಂಬಂಧವಿತ್ತು. ಅಲ್ಲಿಯವರೆಗೆ ಎಲ್ಲದಕ್ಕೂ ರಾಯಚೂರಿಗೆ ಓಡುತ್ತಿದ್ದ ಜನ ಈಗ ಕೊಪ್ಪಳದಲ್ಲಿ ಇಳಿಯತೊಡಗಿದ್ದರು. ಕುಷ್ಟಗಿಯ ಬಸ್ಸಿರಲಿ, ಯಲಬುರ್ಗಾದ ಬಸ್ಸಿರಲಿ, ಇಳಿದವರು ಮೊದಲು ಕೇಳುತ್ತಿದ್ದದ್ದು ಒಂದೇ ಮಾತು: "ಟೈಪ್ ಮಾಡೋರು ಎಲ್ಲಿ ಅದಾರ್ರಿ?" ಹೊಸ ಕಚೇರಿಗಳು ಇನ್ನೂ ಬಾಗಿಲಿಗೆ ಬಣ್ಣ ಬಳಿಸಿಕೊಳ್ಳುತ್ತಿದ್ದಾಗಲೇ ಜನ ಅರ್ಜಿ ಹಿಡಿದು ಸಾಲು ನಿಂತಿದ್ದರು. ಅವರನ್ನೆಲ್ಲ ಚಹಾ ಅಂಗಡಿಯವನು ನಮ್ಮ ಓಣಿಗೆ ಕಳಿಸುತ್ತಿದ್ದ. ನಮ್ಮಪ್ಪ ಟೈಪಿಂಗ್ ಮಾಸ್ತರ. ಮನೆಯ ಬೀದಿಬದಿಯ ಕೋಣೆಯಲ್ಲಿ ಹಳೆಯ ಟೈಪ್‌ರೈಟರುಗಳನ್ನು ಸಾಲಾಗಿ ಇಟ್ಟುಕೊಂಡು ಊರಿನ ಅರ್ಧ ಗುಮಾಸ್ತರಿಗೆ ಕೈ ಕಲಿಸಿದವನು. ಅವನ ಬೆರಳು ಓಡುವುದನ್ನು ನೋಡಲೆಂದೇ ಸಾಲೆಯ ಮಕ್ಕಳು ಕಿಟಕಿಗೆ ಜೋತುಬೀಳುತ್ತಿದ್ದರು. ಆದರೆ ಕಂಪ್ಯೂಟರ್ ಬರುವಷ್ಟರಲ್ಲಿ ಆ ಕೈ ಕೆಟ್ಟಿತ್ತು.

ಅದು ಮೊದಲು ಕಂಡದ್ದು ಕಾಗದದ ಮೇಲೆ. ಅಪ್ಪ ಟೈಪ್ ಮಾಡಿದ್ದನ್ನು ತಿದ್ದಲು ಓದುವವಳು ನಾನು. ಒಂದು ದಿನ ಒಂದು ಅಕ್ಷರದ ಮಗ್ಗುಲಲ್ಲಿ ಅದೇ ಅಕ್ಷರ ಮಸುಕಾಗಿ ಇನ್ನೊಂದು ಸಲ ನಿಂತಿತ್ತು. ಮರುದಿನ ಅಂಥವು ಹೆಚ್ಚಾದವು. ಅಪ್ಪ ರಿಬ್ಬನ್ನನ್ನು ಬೈದ, ಆಮೇಲೆ ಮಷಿನ್ನನ್ನು ಬೈದ, ಗಂಗಾವತಿಯಿಂದ ರಿಪೇರಿಯವನನ್ನು ಕರೆಸಿ ಎಣ್ಣೆ ಬಿಡಿಸಿದ. ರಿಪೇರಿಯವನು ತಾನೇ ಕೂತು ಒಂದು ಹಾಳೆ ಹೊಡೆದು ನೋಡಿದ. ಅಕ್ಷರಗಳು ಮುತ್ತಿನ ಹಾಗೆ ಬಿದ್ದವು. "ಮಷಿನ್ ಛಲೋ ಐತ್ರಿ ಮಾಸ್ತರ" ಎಂದವನು ಅಪ್ಪನ ಕೈಯನ್ನೊಮ್ಮೆ ನೋಡಿ, ತನ್ನ ಚೀಲ ಕಟ್ಟಿಕೊಂಡ. ಚಹಾ ಲೋಟದಲ್ಲಿ ನಡುಕ ಕಂಡದ್ದು ಅದಾದ ಮೇಲೆ ಬಹಳ ದಿನಕ್ಕೆ.

ಹುಬ್ಬಳ್ಳಿಯ ಡಾಕ್ಟರು ಅಪ್ಪನಿಗೆ ಕೈ ಚಾಚಲು ಹೇಳಿದರು, ನೀರಿನ ಲೋಟ ಎತ್ತಿಸಿದರು, ಕಾಗದದ ಮೇಲೆ ಒಂದು ಸುರುಳಿ ಬರೆಸಿದರು. ಸುರುಳಿ ಹಲ್ಲು ಹಲ್ಲಾಗಿ ಬಂತು. "ನಿಮ್ಮ ತಂದಿಯವರಿಗೂ ಹಿಂಗ ಇತ್ತೇನ್ರಿ?" ಎಂದರು. ಇತ್ತು. ಯಲಬುರ್ಗಾದಲ್ಲಿದ್ದ ಅಜ್ಜ ನೀರು ಕುಡಿಯುವಾಗ ಲೋಟವನ್ನು ಎರಡೂ ಕೈಯಲ್ಲಿ ಹಿಡಿಯುತ್ತಿದ್ದದ್ದು ನನಗೇ ನೆನಪಿದೆ. ವಯಸ್ಸಾದವರು ಹಾಗೇ ಎಂದುಕೊಂಡಿದ್ದೆವು. "ಇದು ಮನೆತನದಾಗ ಇಳಕೊಂಡು ಬರೂ ನಡುಕರಿ. ಜೀವಕ್ಕೇನೂ ಅಪಾಯ ಇಲ್ಲ. ಮಕ್ಕಳಿಗೆ ಬಂದ್ರೂ ಬರಬಹುದು, ಬರದಂಗೂ ಇರಬಹುದು" ಎಂದರು ಡಾಕ್ಟರು. ಜೊತೆಗೆ ಬಂದಿದ್ದ ನಾನೂ ತಮ್ಮನೂ ಗೋಡೆಗೆ ಆತು ನಿಂತಿದ್ದೆವು. ಅಪ್ಪ ಡಾಕ್ಟರನ್ನು ಬಿಟ್ಟು ನಮ್ಮಿಬ್ಬರ ಕೈಗಳನ್ನು ನೋಡಿದ. ನಾನು ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡೆ. ಅಂದಿನಿಂದ ನನ್ನ ಎದೆಯೊಳಗೆ ಕೂತ ಅಂಜಿಕೆ ಹೊರಗೆ ಹೋಗಲೇ ಇಲ್ಲ.

ಜೀವಕ್ಕೆ ಅಪಾಯವಿಲ್ಲ ಎಂಬುದು ಡಾಕ್ಟರರ ಮಾತು. ಅಪ್ಪನ ಜೀವನ ಹೇಗೆ ಮುದುಡಿತು ಎಂಬುದನ್ನು ಮನೆಯಲ್ಲಿದ್ದವರು ನಾವು ನೋಡಿದೆವು. ಅವನು ಮದುವೆಮನೆಗಳಲ್ಲಿ ಪಂಕ್ತಿಗೆ ಕೂರುವುದನ್ನು ಬಿಟ್ಟ, ಸಾರು ಅಂಗಿಯ ಮೇಲೆ ಚೆಲ್ಲುತ್ತದೆ ಎಂದು. ಸಹಿ ಮಾಡುವುದನ್ನು ಬಿಟ್ಟ. ನನ್ನನ್ನು ನೋಡಲು ಯಾರಾದರೂ ಬಂದರೆ ಅವ್ವ ಅಪ್ಪನಿಗೆ ಚಹಾ ಕೊಡುತ್ತಲೇ ಇರಲಿಲ್ಲ; "ಅವರು ಈಗ ಕುಡದಾರ್ರಿ" ಎಂದು ಮುಂದಾಗಿ ಹೇಳಿಬಿಡುತ್ತಿದ್ದಳು. ಆದರೂ ಸುದ್ದಿ ಹೋಗುವ ಕಡೆ ಹೋಯಿತು. ಕೈ ನಡುಗುವ ಮನೆತನ ಎಂಬ ಹೆಸರಾಯಿತು. ನನಗೆ ಮದುವೆಯಾಗಲಿಲ್ಲ. ಅದರ ದುಃಖ ನನಗೆ ಅಷ್ಟಾಗಿ ಇಲ್ಲ, ಬೇಕಾದರೆ ನಂಬಿ, ಬೇಡವಾದರೆ ಬಿಡಿ. ನನಗಿದ್ದದ್ದು ಕೈಯ ಚಿಂತೆ. ಗಂಡನಿಲ್ಲದ ಹೆಂಗಸಿಗೆ ಕೈಯೂ ಇಲ್ಲವಾದರೆ ಅವಳು ಯಾರ ಮನೆಯ ಮೂಲೆಯಲ್ಲಿ ಕೂರಬೇಕು?

ಹೀಗಿರುವಾಗ ಕಂಪ್ಯೂಟರ್ ಬಂತು. ಆ ಕಾಲದಲ್ಲಿ ಅದಕ್ಕೆ ಏನು ಮರ್ಯಾದೆ! ಚಪ್ಪಲಿ ಹೊರಗೆ ಬಿಡಬೇಕು, ಧೂಳು ಬೀಳಬಾರದೆಂದು ಅವ್ವ ಹೊಲಿದ ಹೂವಿನ ಮುಸುಕು ಹೊದಿಸಬೇಕು, ಬೇಸಿಗೆಯಲ್ಲಿ ನಮಗಿಲ್ಲದ ಫ್ಯಾನು ಅದಕ್ಕೆ. ತಂದು ಜೋಡಿಸಿದವನು ಅಪ್ಪನಿಗೆ ಗೌರವದಿಂದ ಕುರ್ಚಿ ಎಳೆದುಕೊಟ್ಟ. "ಮೊದಲ ನೀವು ಕೈ ಇಡ್ರಿ ಮಾಸ್ತರ." ಕೀಬೋರ್ಡನ್ನು ಕಂಡು ಅಪ್ಪನ ಮುಖ ಅರಳಿತು; ಇಂಗ್ಲಿಷ್ ಅಕ್ಷರಗಳು ಟೈಪ್‌ರೈಟರಿನಲ್ಲಿದ್ದ ಜಾಗದಲ್ಲೇ ಇದ್ದವು. ಆಮೇಲೆ ಮೌಸಿನ ಮೇಲೆ ಅವನ ಕೈ ಇಡಿಸಿದರು. ಹೊಟ್ಟೆಯೊಳಗೆ ರಬ್ಬರಿನ ಗುಂಡು ಉರುಳುತ್ತಿದ್ದ ಹಳೆಯ ಕಾಲದ ಮೌಸು ಅದು. ಪರದೆಯ ಮೇಲಿನ ಬಾಣ ಗಡಗಡನೆ ನಡುಗಿತು.

ನೋಡಲು ಸೇರಿದ್ದ ಓಣಿಯ ಜನರೆಲ್ಲ ಪರದೆಯನ್ನೇ ನೋಡುತ್ತಿದ್ದರು. ಯಾರೂ ನಗಲಿಲ್ಲ, ಅದೇ ಕೆಟ್ಟದ್ದು. ಅಪ್ಪ ಕೈ ಹಿಂದೆಗೆದು ಹೆಗಲ ಮೇಲಿನ ಟವೆಲಿನ ಕೆಳಗೆ ಇಟ್ಟುಕೊಂಡ. ಜನ ಹೋದ ಮೇಲೆ ನನಗೆ ಹೇಳಿದ: "ಟೈಪ್‌ರೈಟರ್ ಹಾಳ್ಯಾಗ ಇಟ್ಟುಕೊಂಡು ಸುಮ್ಮನಿರತಿತ್ತು ಯವ್ವಾ. ಇದು ಚಾಡಿ ಹೇಳತೈತಿ, ಎಲ್ಲಾರ ಮುಂದ ಕುಣಿಸಿ ತೋರಸತೈತಿ." ಮತ್ತೆ ಅವನು ಅದನ್ನು ಮುಟ್ಟಲಿಲ್ಲ. ಆ ಬೂದುಬಣ್ಣದ ಸಣ್ಣ ಡಬ್ಬಿಯನ್ನು ಕಂಡರೆ ಅಂದಿನಿಂದ ನನಗೂ ಅಂಜಿಕೆ. ಆದರೆ ಹೊಟ್ಟೆಪಾಡು ಅದರಲ್ಲೇ ಇತ್ತು.

ನಾನೂ ತಮ್ಮನೂ ಕಲಿತೆವು. ಕೆಲವೇ ವರ್ಷಗಳಲ್ಲಿ ಟೈಪಿಂಗ್ ಸಾಲೆ ಹೋಗಿ ಅದೇ ಕೋಣೆಯಲ್ಲಿ ಎರಡು ಕಂಪ್ಯೂಟರುಗಳ ಅಂಗಡಿಯಾಯಿತು. ಮದುವೆ ಪತ್ರಿಕೆ, ಕರಪತ್ರ, ಅಂಗಡಿ ಬೋರ್ಡಿನ ನಕ್ಷೆ ಇವೆಲ್ಲ ನನ್ನ ಪಾಲು. ಗಣಪತಿಯ ಸೊಂಡಿಲಾಗಲಿ, ಅಂಚಿನ ಬಳ್ಳಿಯಾಗಲಿ, ಸ್ಕ್ಯಾನರಿನಲ್ಲಿ ಹಾಯಿಸಿ ತೆಗೆದ ಚಿತ್ರದ ಮೇಲೆ ಮೌಸಿನಿಂದ ಗೆರೆ ಎಳೆದು ತಿದ್ದುವುದು ನನ್ನ ಕೆಲಸ. ತಮ್ಮ ಪತ್ರ, ಅರ್ಜಿ ಟೈಪ್ ಮಾಡುತ್ತಿದ್ದ, ಫೋಟೋ ತೆಗೆಯುತ್ತಿದ್ದ. ಅಪ್ಪ ದಿನಾ ಸಂಜೆ ಬಂದು ಬಾಗಿಲ ಬಳಿಯ ಬೆಂಚಿನ ಮೇಲೆ ಕೂರುತ್ತಿದ್ದ. ಬಂದವರು "ಮಾಸ್ತರ, ಆರಾಮ ಅದೀರೇನ್ರಿ?" ಎಂದರೆ ಅವನಿಗೆ ಅಷ್ಟೇ ಸಾಕಿತ್ತು.

ಮಹಾನವಮಿಯ ಖಂಡೆಪೂಜೆಯ ದಿನ ಮಾತ್ರ ಅಂಗಡಿ ಅಪ್ಪನದು. ಟೈಪ್‌ರೈಟರಿನ ಕಾಲದಿಂದಲೂ ಅವನದೊಂದು ಪದ್ಧತಿ ಇತ್ತು. ಮಷಿನ್‌ಗಳಿಗೆ ವಿಭೂತಿ ಕುಂಕುಮ ಹಚ್ಚಿದ ಮೇಲೆ "ಕೈ ಚಾಚ್ರಿ" ಎನ್ನುತ್ತಿದ್ದ. ನಾವು ಕೈ ಚಾಚಿದರೆ ಒಂದೊಂದು ಬೆರಳಿಗೂ ವಿಭೂತಿಯ ಗೆರೆ ಎಳೆಯುತ್ತಿದ್ದ. "ಇವೂ ಆಯುಧನ. ಇವಕ್ಕ ಮೊದಲ ಪೂಜಿ ಆಗಬೇಕು." ಸಣ್ಣವರಿದ್ದಾಗ ನಮಗೆ ಅದು ಕಚಗುಳಿ. ಹುಬ್ಬಳ್ಳಿಗೆ ಹೋಗಿ ಬಂದ ಮೇಲೆ ಅದೇ ಪರೀಕ್ಷೆಯಾಯಿತು. ಅಪ್ಪ ವಿಭೂತಿ ಹಚ್ಚುವ ನೆಪದಲ್ಲಿ ನಮ್ಮ ಬೆರಳ ತುದಿಗಳನ್ನು ನೋಡುತ್ತಾನೆ ಎಂಬುದು ನಮಗೆ ಗೊತ್ತಿತ್ತು. ನಮಗೆ ಗೊತ್ತಿದೆ ಎಂಬುದು ಅವನಿಗೂ ಗೊತ್ತಿತ್ತು. ಪ್ರತಿವರ್ಷ ಆ ಗಳಿಗೆಯಲ್ಲಿ ನಾನು ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದೆ. ಮುಗಿದ ಮೇಲೆ ಅಪ್ಪ ಮನಸಾರೆ ಊಟ ಮಾಡುತ್ತಿದ್ದ, ಚೆಲ್ಲಿದರೂ ಲೆಕ್ಕಕ್ಕಿಡದೆ.

ಒಂದು ನವಮಿಗೆ ನನ್ನ ಕಂಪ್ಯೂಟರಿಗೆ ಹೊಸ ಮೌಸು ಬಂತು. ಹೊಟ್ಟೆಯಲ್ಲಿ ಗುಂಡಿಲ್ಲ, ಕೆಳಗೆ ಕೆಂಪು ದೀಪ. ಅದನ್ನು ಮಾರಿದ ಅಂಗಡಿಯವನು ಅಂಗೈಯಲ್ಲಿಟ್ಟು ತೋರಿಸಿದ್ದ: "ಕೂದಲೆಳಿ ಅಷ್ಟು ಅಲಗ್ಯಾಡಿದ್ರೂ ಹಿಡೀತೈತ್ರಿ ಅಕ್ಕಾರ. ಹಳೇದು ಕುಲ್ಡು, ಇದಕ್ಕ ಕಣ್ಣು ಐತಿ." ಪೂಜೆಯ ಹಿಂದಿನ ದಿನ ಅಪ್ಪ ಯಾರಿಗೂ ಹೇಳದೆ ಬಸ್ಸು ಹತ್ತಿ ಕಿನ್ನಾಳಕ್ಕೆ ಹೋಗಿ ಒಂದು ಸಣ್ಣ ಮಣೆ ಮಾಡಿಸಿಕೊಂಡು ಬಂದ. ಊಟದ ತಾಟಿನಷ್ಟು ಅಗಲದ ಹಲಗೆ. ಕೆಂಪು ನೆಲದ ಮೇಲೆ ಹಸಿರು ಗಿಳಿಗಳು, ಬಂಗಾರದ ಬಣ್ಣದ ಅಂಚು, ಕಿನ್ನಾಳದ ಗೊಂಬೆಗಳಿಗೆ ಇರುತ್ತದಲ್ಲ, ಮುಖ ಕಾಣುವಂಥ ಹೊಳಪು. "ಹೊಸಾ ಆಯುಧ ಬರೀ ಮೇಜಿನ ಮ್ಯಾಲ ಇಡಬಾರದು. ಮಣಿ ಮ್ಯಾಲ ಕೂಡಸ್ರಿ" ಎಂದ. ಪೂಜೆಯಾಯಿತು. ಮೌಸು ಗಿಳಿಗಳ ಮೇಲೆ ಕೂತಿತು. ಪೂಜೆಗೊಂಡ ಮಣೆಯನ್ನು ಎತ್ತಿ ಮೂಲೆಗಿಡುವುದು ನಮ್ಮಲ್ಲಿಲ್ಲ; ಅದು ಅಲ್ಲೇ ಮೌಸಿನ ಜಾಗವಾಯಿತು. ಅಂದು ಬೆರಳಿಗೆ ವಿಭೂತಿ ಹಚ್ಚುವಾಗ ತಮ್ಮನ ಕೈಯಲ್ಲಿ ಒಡೆದ ತೆಂಗಿನಕಾಯಿಯ ಹೋಳುಗಳಿದ್ದವು. "ನನಗ ಹಣಿಗೆ ಹಚ್ಚಪಾ, ಕೈ ಹಸಿ ಅದಾವ" ಎಂದ. ಅಪ್ಪ ಹಣೆಗೆ ಹಚ್ಚಿದ.

ಹಬ್ಬ ಮುಗಿಸಿ ಕೆಲಸಕ್ಕೆ ಕೂತೆ. ಒಂದು ಕಳಸದ ಗೆರೆ ಎಳೆಯುತ್ತಿದ್ದೆ. ಬಾಣ ನಡುಗಿತು.

ಮೌಸು ಬಿಟ್ಟೆ, ಬಾಣ ನಿಂತಿತು. ಹಿಡಿದು ಸರಿಸಿದೆ, ಮತ್ತೆ ಪುಟುಪುಟು ಎಂದಿತು. ಕಳಸದ ಹೊಟ್ಟೆ ಹಲ್ಲು ಹಲ್ಲಾಗಿ ಬಂತು, ಹುಬ್ಬಳ್ಳಿಯ ಡಾಕ್ಟರು ಅಪ್ಪನಿಂದ ಬರೆಸಿದ ಸುರುಳಿಯ ಹಾಗೆಯೇ. ಸ್ವಲ್ಪ ಹೊತ್ತು ಬಿಟ್ಟು ಹಳೆಯ ಗುಂಡಿನ ಮೌಸನ್ನು ಹುಡುಕಿ ಮೊದಲಿನ ರಬ್ಬರಿನ ಚಾಪೆಯ ಮೇಲಿಟ್ಟು ನೋಡಿದೆ. ನಡುಕವಿಲ್ಲ. ಯಾರಿಗಾದರೂ ಇದರಿಂದ ಸಮಾಧಾನವಾಗಬೇಕು. ಅಂಜಿದವರ ತಲೆ ಹಾಗೆ ಓಡುವುದಿಲ್ಲ. ಹಳೆಯದು ಕುರುಡು, ಅದಕ್ಕೆ ಕಾಣುವುದಿಲ್ಲ. ಹೊಸದಕ್ಕೆ ಕಣ್ಣಿದೆ, ಅದು ಹಿಡಿದುಕೊಟ್ಟಿತು ಎಂದು ನಾನು ತೀರ್ಮಾನಿಸಿದೆ. ಅಪ್ಪನಿಗೆ ಶುರುವಾದ ವಯಸ್ಸಿನ ಹತ್ತಿರ ಹತ್ತಿರವೇ ನಾನೂ ಬಂದಿದ್ದೆ.

ಆಮೇಲಿನ ತಿಂಗಳುಗಳು ಹೇಗೆ ಕಳೆದವೋ ಆ ದೇವರಿಗೇ ಗೊತ್ತು. ಬೆಳಿಗ್ಗೆ ಎದ್ದವಳೇ ಕೈ ಚಾಚಿ ನೋಡಿಕೊಳ್ಳುವೆ. ಚಹಾ ಬಸಿಯುವಾಗ ಲೋಟದ ಅಂಚು ನೋಡುವೆ. ಕೈತುಂಬ ಹಸಿರು ಗಾಜಿನ ಬಳೆ ತೊಟ್ಟವಳು ನಾನು. ಕೈ ಸುಮ್ಮನಿದ್ದಾಗ ಬಳೆ ಸದ್ದು ಮಾಡುತ್ತವೆಯೇ ಎಂದು ಕಿವಿಗೊಟ್ಟು ಕೂರುವೆ. ಬಳೆ ಎಂದೂ ಸದ್ದು ಮಾಡಲಿಲ್ಲ, ಚಹಾ ಎಂದೂ ಚೆಲ್ಲಲಿಲ್ಲ. ಆದರೆ ಅಪ್ಪನಿಗೂ ಹಾಗೆಯೇ ಆಗಿತ್ತಲ್ಲ? ಮೊದಲು ಮಷಿನ್ ಕಂಡುಹಿಡಿಯಿತು, ಚಹಾ ಲೋಟಕ್ಕೆ ಅದು ಆಮೇಲೆ ಇಳಿಯಿತು. ಈಗಲೂ ಮಷಿನ್ನೇ ಮೊದಲು ಹೇಳುತ್ತಿದೆ ಎಂದುಕೊಂಡೆ. ಕೆಲಸ ಮಾಡುವಾಗ ಎಡಗೈಯಿಂದ ಬಲಗೈಯ ಮಣಿಕಟ್ಟು ಒತ್ತಿ ಹಿಡಿಯುತ್ತಿದ್ದೆ, ಮೊಣಕೈ ಮೇಜಿಗೆ ಊರುತ್ತಿದ್ದೆ. ಸಂಜೆ ಅಪ್ಪ ಬರುವ ಹೊತ್ತಿಗೆ ಗೆರೆಯ ಕೆಲಸ ಮುಚ್ಚಿಟ್ಟು ಅಕ್ಷರ ಜೋಡಿಸುವ ಕೆಲಸ ತೆರೆಯುತ್ತಿದ್ದೆ. ಅವನು ಆ ಬಾಣ ನಡುಗುವುದನ್ನು ನೋಡಬಾರದು, ನನಗೆ ಬೇಕಾಗಿದ್ದದ್ದು ಅದೊಂದೇ. "ನನ್ನ ಕೈ ನನಗ ಸಾಕಾಗಲಿ, ಮಕ್ಕಳಿಗೆ ಬ್ಯಾಡ" ಎಂದು ಅವನು ದೇವರ ಮುಂದೆ ದಿನಾ ಹೇಳಿಕೊಳ್ಳುವುದು ನನ್ನ ಕಿವಿಗೆ ಬೀಳುತ್ತಿತ್ತು.

ಈ ಚಿಂತೆಯಲ್ಲಿ ನನ್ನ ಸಿಟ್ಟೆಲ್ಲ ತಮ್ಮನ ಮೇಲೆ ತಿರುಗಿತು. ನನ್ನ ನಾಲಿಗೆ ಮೊದಲೇ ಹರಿತ. ಅವನೂ ಆ ದಿನಗಳಲ್ಲಿ ಒಂದು ಥರ ವಿಚಿತ್ರವಾಗಿದ್ದ. ಪಾಸ್‌ಪೋರ್ಟ್ ಸೈಜಿನ ಒಂದು ಫೋಟೋ ತೆಗೆಯಬೇಕಾದರೂ ಕ್ಯಾಮೆರಾವನ್ನು ಮೂರು ಕಾಲಿನ ಸ್ಟ್ಯಾಂಡಿಗೆ ಬಿಗಿದು, ಜನರನ್ನು ಕಾಯಿಸುತ್ತಿದ್ದ. "ನಿನ್ನ ಕ್ಯಾಮೆರಾಕ್ಕ ಮುಪ್ಪು ಬಂತೇನೋ, ಕೋಲು ಹಿಡದು ನಿಂತೈತಿ" ಎಂದು ನಾನು ಎಲ್ಲರ ಮುಂದೆ ನಗಾಡುತ್ತಿದ್ದೆ. ಅವನೂ ನಗುತ್ತಿದ್ದ. ಮೌಸನ್ನಂತೂ ಅವನು ಮುಟ್ಟುತ್ತಲೇ ಇರಲಿಲ್ಲ. ಎಲ್ಲವನ್ನೂ ಕೀಬೋರ್ಡಿನ ಕೀಲಿಗಳಲ್ಲೇ ಮಾಡುವುದನ್ನು ಕಲಿತಿದ್ದ. "ಇಲಿ ಹಿಡಿಯೋದು ಬೆಕ್ಕಿನ ಕೆಲಸ, ಅದನ್ನ ನೀನ ಮಾಡು" ಎನ್ನುತ್ತಿದ್ದ ಕಳ್ಳ. ಅವನ ಕೀಬೋರ್ಡು ಬೇರೆ ಕೆಟ್ಟಿತ್ತು. ಒಂದೇ ಕೀಲಿಯನ್ನು ಬೇಗ ಬೇಗ ಎರಡು ಸಲ ಒತ್ತಿದರೆ ಎರಡನೆಯದು ಬೀಳುತ್ತಲೇ ಇರಲಿಲ್ಲ. "ಹೊಸಾದು ತರಸೋ, ಸತ್ತೈತಿ ಇದು" ಎಂದರೆ, "ನಾನು ರೂಢಿ ಮಾಡ್ಕೊಂಡೀನಿ, ನೀ ಯಾಕ ಮುಟ್ಟಾಕ ಹೋಗತಿ?" ಎಂದು ಸಿಡುಕುತ್ತಿದ್ದ.

ಬೇಸಿಗೆಯ ಲಗ್ನಸರಾಯಿ, ಮದುವೆಗಳ ಕಾಲ, ಬಂತು. ತಾವರಗೇರಾದ ಒಬ್ಬ ಯಜಮಾನರು ಮಗಳ ಮದುವೆ ಪತ್ರಿಕೆ ಮಾಡಿಸಲು ಬಂದರು. ಹಿಂದೆ ಅವರ ದೊಡ್ಡ ಮಗಳ ಪತ್ರಿಕೆಯನ್ನೂ ನಾನೇ ಮಾಡಿದ್ದೆ. ಮಾದರಿ ತೆಗೆದುಕೊಟ್ಟಾಗ ಅವರು ಕನ್ನಡಕ ಏರಿಸಿ ಗಣಪತಿಯನ್ನು ಬಹಳ ಹೊತ್ತು ನೋಡಿದರು. "ಯವ್ವಾ, ಹೋದ ಸರತಿ ಸೊಂಡಿಲಿ ಎಣ್ಣಿ ಹಚ್ಚಿದಂಗ ಬಂದಿತ್ತು. ಈ ಸರತಿ ಯಾಕೋ ಗಣಪಗ ಚಳಿ ಹತ್ತಿದಂಗ ಐತಲ್ಲ?" ತಮಾಷೆಗೆ ಅಂದ ಮಾತು. ನಾನು ಮಾದರಿಯನ್ನು ಅವರ ಕೈಯಿಂದ ತೆಗೆದುಕೊಂಡೆ. "ಸರಿ ಮಾಡಿ ಇಡತೀನ್ರಿ, ಪ್ಯಾಟಿ ಮುಗಿಸಿಕೊಂಡು ಬರ್ರಿ" ಎಂದು ಅವರನ್ನು ಕಳಿಸಿ ಕೂತೆ. ಎಳೆದೆ, ಅಳಿಸಿದೆ. ಮತ್ತೆ ಎಳೆದೆ. ಬಾಣ ನನ್ನ ಮಾತು ಕೇಳಲಿಲ್ಲ. ಮಧ್ಯಾಹ್ನದ ಬಿಸಿಲಿಗೆ ಓಣಿ ಖಾಲಿಯಾಗಿತ್ತು, ಅಂಗಡಿಯಲ್ಲಿ ನಾವಿಬ್ಬರೇ. ನನಗೆ ಅಳು ತಡೆಯಲಾಗಲಿಲ್ಲ.

ತಮ್ಮ ಎದ್ದು ಬಂದ. "ಏನಾತಕ್ಕ?"

"ಅಪ್ಪಂದು ನನಗ ಬಂತೋ ತಮ್ಮಾ" ಎಂದೆ. "ನವಮಿಯಿಂದ ಹಿಂಗ ಐತಿ. ನೋಡು, ನೋಡಿಲ್ಲಿ, ಹೆಂಗ ನಡಗತೈತಿ. ಅಪ್ಪಗ ಹೆಂಗ ಹೇಳಲಿ? ಮುಂದ ನನ್ನ ಗತಿ ಏನು?"

ಅವನು ಪರದೆಯನ್ನೂ ನೋಡಲಿಲ್ಲ, ನನ್ನ ಕೈಯನ್ನೂ ನೋಡಲಿಲ್ಲ. ಗಿಳಿಯ ಮಣೆಯನ್ನು ಎರಡೂ ಕೈಯಿಂದ ಎಳೆದು ಪಕ್ಕಕ್ಕಿಟ್ಟ. ಒಂದು ಬಿಳಿ ಹಾಳೆ ಹಾಸಿ ಅದರ ಮೇಲೆ ಮೌಸು ಇಟ್ಟ. "ಈಗ ಹಿಡಿ."

ಹಿಡಿದೆ. ಬಾಣ ಬೆಣ್ಣೆಯ ಮೇಲೆ ಹೋದಂತೆ ಹೋಯಿತು. ಸೊಂಡಿಲಿನ ಗೆರೆ ಒಂದೇ ಉಸಿರಿಗೆ ಬಂತು. ನನಗೆ ನಂಬಿಕೆಯಾಗದೆ ಇನ್ನೊಂದು ಎಳೆದೆ, ಮತ್ತೊಂದು ಎಳೆದೆ. ಒಂದರಲ್ಲೂ ನಡುಕವಿಲ್ಲ.

"ಇದು ಕೈ ನೋಡಂಗಿಲ್ಲಕ್ಕ" ಎಂದ ತಮ್ಮ. "ಕೆಳಗ ಏನೈತಿ ಅದನ್ನ ನೋಡತೈತಿ. ಈ ಕೆಂಪು ದೀಪ ಕೆಳಗಿನ ನೆಲದ ಫೋಟೋ ತಗೊಂತ ಹೋಗತೈತಿ, ಅದರ ಮ್ಯಾಲ ಬಾಣ ಓಡತೈತಿ. ಕಿನ್ನಾಳದ ಹೊಳಪಿಗೆ ಅದಕ್ಕ ಕಣ್ಣು ಕುಕ್ಕತೈತಿ, ದಿಕ್ಕ ತಿಳಿವಲ್ದು. ನಡಗೂದು ನಿನ್ನ ಕೈ ಅಲ್ಲ, ಮಣಿ."

ನಾನು ನಕ್ಕೆನೋ ಅತ್ತೆನೋ ತಿಳಿಯದು. ಸೆರಗಿನಿಂದ ಮುಖ ಒರೆಸಿಕೊಂಡು ಕೈಗಳನ್ನು ಎತ್ತಿ ಹಿಡಿದು ನೋಡಿದೆ. ಕಳೆದುಹೋದ ದನ ತಾನಾಗಿ ಕೊಟ್ಟಿಗೆಗೆ ಬಂದಂತಿತ್ತು. ಅಪ್ಪನ ಮಣೆಯನ್ನು, ಗಿಳಿಗಳನ್ನು, ಕೆಂಪು ದೀಪವನ್ನು, ಅದನ್ನು ಮಾರಿದವನನ್ನು, ಎಲ್ಲರನ್ನೂ ಬಾಯಿಗೆ ಬಂದಂತೆ ಬೈದೆ. ಬೈಯುತ್ತ ಬೈಯುತ್ತ ಕೇಳಿದೆ: "ಅಲ್ಲೋ ಶಾಣ್ಯಾ, ಮೌಸ್ ಮುಟ್ಟದವ ನೀನು. ನಿನಗ ಹೆಂಗ ಗೊತ್ತಾತು ಇದು?"

ಅವನು ಬಾಗಿಲ ಕಡೆ ನೋಡುತ್ತ ನಿಂತ.

"ಹೇಳೋ."

"ನೀ ಒಂದಿನ ಊಟಕ್ಕ ಹೋದಾಗ ನಿನ್ನ ಮೌಸ್ ಹಿಡದು ನೋಡಿದ್ದೆ" ಎಂದ. "ಭಾಳ ನಡಗತು. ಇಷ್ಟೊಂದು ಹೆಂಗ ಅನಿಸಿ ಮಣಿ ತಗದು, ಹಾಳಿ ಹಾಸಿ ನೋಡಿದೆ. ಕಮ್ಮಿ ಆತು."

"ಕಮ್ಮಿ ಆತು ಅಂದ್ರ?"

ಅವನು ನನ್ನ ಪಕ್ಕದ ಸ್ಟೂಲಿನ ಮೇಲೆ ಕೂತ. ಬಿಳಿ ಹಾಳೆಯ ಮೇಲಿದ್ದ ಮೌಸಿನ ಮೇಲೆ ಬಲಗೈ ಇಟ್ಟ. ಪರದೆಯ ಮೇಲೆ ನಾನು ಈಗಷ್ಟೇ ಎಳೆದ ಗೆರೆಯ ಮಗ್ಗುಲಲ್ಲಿ ಬಾಣ ನಡುಗತೊಡಗಿತು. ಹೊಳಪಿಲ್ಲ, ಗಿಳಿಯಿಲ್ಲ, ಬರೀ ಹಾಳೆ. ಆ ನಡುಕವನ್ನು ನಾನು ಮೊದಲು ನೋಡಿದ್ದೆ, ಕಂಪ್ಯೂಟರ್ ಬಂದ ದಿನ, ಓಣಿಯ ಜನರ ನಡುವೆ ನಿಂತು.

ಸ್ಟ್ಯಾಂಡಿನ ಮೇಲಿನ ಕ್ಯಾಮೆರಾ. ಎರಡನೆಯ ಸಲ ಬೀಳದ ಕೀಲಿ. ಅದು ಕೆಟ್ಟಿರಲಿಲ್ಲ, ನಡುಗುವ ಬೆರಳು ಎರಡು ಸಲ ತಾಗಿದರೂ ಒಂದೇ ಅಕ್ಷರ ಬೀಳುವಂತೆ ಅವನೇ ಕಂಪ್ಯೂಟರಿನೊಳಗೆ ಬದಲಾಯಿಸಿ ಇಟ್ಟುಕೊಂಡಿದ್ದ. ನವಮಿಯ ತೆಂಗಿನಕಾಯಿ. ನಾನು ನನ್ನ ಬಳೆಗಳ ಸದ್ದಿಗೆ ಕಿವಿಗೊಟ್ಟು ಕೂತ ಆ ಕೋಣೆಯಲ್ಲೇ, ಒಂದು ಮಾರು ದೂರದಲ್ಲಿ, ಅವನು ಒಬ್ಬನೇ ಇದನ್ನು ಹೊತ್ತುಕೊಂಡಿದ್ದ. ನನಗೆ ಅಂಜಿಕೆ ಹೊಸದಲ್ಲ, ಆದರೆ ಅಂಥ ಅಂಜಿಕೆ ಹೊಸದು. ನನ್ನ ಕೈಗಾಗಿ ಅಂಜಿದಾಗ ಅತ್ತಿದ್ದೆ. ಅವನ ಕೈ ನೋಡಿ ಅಳಲೂ ಆಗಲಿಲ್ಲ. ನನ್ನದು ಉಳಿಯಿತು ಎಂದು ಆಗಷ್ಟೇ ಕುಣಿದ ಕೈಗಳನ್ನು ಎಲ್ಲಿಡಬೇಕೋ ತಿಳಿಯಲಿಲ್ಲ.

"ಹುಬ್ಬಳ್ಳಿಗೆ ಹೋಗಿ ಬಂದೀನಿ" ಎಂದ ಅವನು ಮೆಲ್ಲಗೆ. "ಗುಳಿಗಿ ಕೊಟ್ಟಾರ. ಅಪ್ಪಗ ಮಾತ್ರ ಹೇಳಬ್ಯಾಡಕ್ಕ. ಅವಂಗ ತಡಕೊಳ್ಳಾಕ ಆಗೂದಿಲ್ಲ."

ಅದೇ ಹೊತ್ತಿಗೆ ಓಣಿಯಲ್ಲಿ ಅಪ್ಪನ ಕೆಮ್ಮು ಕೇಳಿತು. ಸಂಜೆ ಬರಬೇಕಾದವನು ಅಂದು ಯಾಕೋ ಬಿಸಿಲಲ್ಲೇ ಬಂದಿದ್ದ. ತಮ್ಮನ ಕೈ ಇನ್ನೂ ಮೌಸಿನ ಮೇಲಿತ್ತು. ಅವನಿಗೆ ಎಳೆದುಕೊಳ್ಳಲು ತೋಚಲಿಲ್ಲವೋ, ಅಂಜಿಕೆಗೆ ಕೈ ಕಚ್ಚಿಕೊಂಡಿತೋ. ಅಪ್ಪ ಹೊಸ್ತಿಲ ಮೇಲೆ ನಿಂತು ಚಪ್ಪಲಿ ಬಿಡುತ್ತಿದ್ದ. ನಾನು ತಮ್ಮನ ಕೈಯನ್ನು ಮೌಸಿನ ಸಮೇತ ಎತ್ತಿ, ಪಕ್ಕದಲ್ಲಿದ್ದ ಮಣೆಯನ್ನು ಎಳೆದು ಅದರ ಕೆಳಗೆ ನೂಕಿದೆ.

ಅಪ್ಪ ಬಂದು ಬೆಂಚಿನ ಮೇಲೆ ಕೂರಲಿಲ್ಲ. ಪರದೆಯನ್ನೇ ನೋಡುತ್ತ ನಮ್ಮ ಹಿಂದೆ ನಿಂತ. ಟೈಪಿಂಗ್ ಮಾಸ್ತರನ ಕಣ್ಣು ಅದು, ಅಕ್ಷರ ನೋಡಿ ಬೆರಳು ಯಾವುದೆಂದು ಹೇಳುವ ಕಣ್ಣು. ಬಾಣ ಎಂದಿಗಿಂತ ಹೆಚ್ಚು ಕುಣಿಯುತ್ತಿತ್ತು.

"ಯಾಕ ಹಂಗ ನಡಗತೈತಿ ಅದು?" ಅವನ ದನಿ ಬಾವಿಯೊಳಗಿಂದ ಬಂದಂತಿತ್ತು.

"ಮಣೀದಪಾ" ಎಂದೆ. "ಕಿನ್ನಾಳದ ಹೊಳಪಿಗೆ ಹಂಗ ಆಕತಿ. ನೋಡಬೇಕಂದ್ರ ನೋಡು, ನಾ ಹಿಡದ್ರೂ ನಡಗತೈತಿ." ತಮ್ಮನ ಕೈ ಸರಿಸಿ ನಾನು ಹಿಡಿದೆ. ಮಣೆ ನನ್ನ ಮಾನ ಉಳಿಸಿತು. ಇಷ್ಟು ದಿನ ನನ್ನನ್ನು ಸಾಯಿಸಿದ ಆ ನಡುಕ, ನಿಲ್ಲಬೇಡ ದೇವರೇ ಎಂದು ನಾನು ಬೇಡಿಕೊಂಡ ಆ ಗಳಿಗೆಯಲ್ಲಿ, ನಿಲ್ಲಲಿಲ್ಲ.

ಅಪ್ಪ ನನ್ನ ಮುಖ ನೋಡಿದ, ತಮ್ಮನ ಮುಖ ನೋಡಿದ. ಆಮೇಲೆ ಉಸಿರು ಬಿಟ್ಟ. "ನಾ ಅಂಜೇ ಬಿಟ್ಟಿದ್ನೆವ್ವಾ" ಎಂದು ಬೆಂಚಿನ ಮೇಲೆ ಕುಸಿದು ಕೂತ. ಸ್ವಲ್ಪ ಹೊತ್ತಿಗೆ ನಗತೊಡಗಿದ. "ಹಂಗಿದ್ರ ಆ ಮಣಿ ತಗದು ಬಿಡ್ರಿ ಮತ್ತ. ಕೆಲಸಕ್ಕ ತೊಂದ್ರಿ ಯಾಕ?"

ಮಣೆ ಹೋದರೆ ತಮ್ಮನ ನಡುಕಕ್ಕೆ ಮರೆಯೇ ಇರುತ್ತಿರಲಿಲ್ಲ. "ಪೂಜಿ ಮಾಡಿ ಕೂಡಿಸಿದ್ದು ಹೆಂಗ ತಗೀಬೇಕಪಾ? ನೀನ ತಂದು ಇಟ್ಟಿದ್ದು" ಎಂದೆ.

ಅವನು ಯೋಚಿಸಿದ. "ಅದೂ ಖರೆ. ಇರಲಿ ಬಿಡ್ರಿ" ಎಂದ.

ಮಣೆ ಅಲ್ಲೇ ಉಳಿಯಿತು. ಅಪ್ಪ ಯಾವ ಹೊತ್ತಿಗೆ ಬರುತ್ತಾನೋ ಹೇಳಲಾಗದು, ಹೀಗಾಗಿ ಅದನ್ನು ಒಂದು ಗಳಿಗೆಯೂ ತೆಗೆಯುವಂತಿರಲಿಲ್ಲ. ಚೊಕ್ಕ ಗೆರೆ ಬೇಕಾದ ಕೆಲಸಗಳಿಗೆ ಹಳೆಯ ಗುಂಡಿನ ಮೌಸನ್ನು ಖಾನೆಯಲ್ಲಿ ಬಚ್ಚಿಟ್ಟುಕೊಂಡೆ, ತಾವರಗೇರಾದ ಗಣಪತಿಯ ಚಳಿಯನ್ನೂ ಅದರಿಂದಲೇ ಬಿಡಿಸಿದೆ. ಉಳಿದೆಲ್ಲ ಹೊತ್ತು ನನ್ನ ನೆಟ್ಟಗಿನ ಕೈ ಗಿಳಿಗಳ ಮೇಲೆ ನಡುಗುತ್ತಲೇ ದುಡಿಯಿತು. ಬಂದವರು ಯಾರಾದರೂ "ಏನಕ್ಕಾರ, ಬಾಣ ಕುಣ್ಯಾಕತ್ತೈತಿ?" ಎಂದರೆ, "ಮಣೀದ್ರಿ" ಎಂದು ನಾವಿಬ್ಬರೂ ಒಟ್ಟಿಗೆ ಹೇಳುವುದು ರೂಢಿಯಾಯಿತು. ತಮ್ಮನ ಕ್ಯಾಮೆರಾದ ಕೋಲನ್ನು ನಾನು ಮತ್ತೆಂದೂ ಹಾಸ್ಯ ಮಾಡಲಿಲ್ಲ.

ಮತ್ತೆ ಮಹಾನವಮಿ ಬಂತು. ವಾರಕ್ಕೆ ಮುಂಚೆಯೇ ನನಗೆ ಊಟ ಸೇರದಾಯಿತು. ತಮ್ಮನಿಗೆ ಪ್ರತಿವರ್ಷ ತೆಂಗಿನಕಾಯಿ ಹಿಡಿದು ನಿಲ್ಲಲಾಗುತ್ತದೆಯೇ? ಅಪ್ಪ ಎರಡೂ ಕಂಪ್ಯೂಟರುಗಳಿಗೆ, ಕ್ಯಾಮೆರಾಕ್ಕೆ, ಸ್ಕ್ಯಾನರಿನ ಮುಚ್ಚಳಕ್ಕೆ, ಮಣೆಯ ಮೇಲಿನ ಮೌಸಿಗೆ ವಿಭೂತಿ ಹಚ್ಚಿದ. ಆ ವರ್ಷ ಅವನ ನಡುಕ ಬಹಳ ಹೆಚ್ಚಾಗಿತ್ತು. ವಿಭೂತಿ ಹಚ್ಚಿದ್ದಕ್ಕಿಂತ ಉದುರಿದ್ದೇ ಹೆಚ್ಚು. ಆಮೇಲೆ ನಮ್ಮ ಕಡೆ ತಿರುಗಿ ಎಂದಿನಂತೆ "ಕೈ ಚಾಚ್ರಿ" ಎಂದ.

ನಾನು ಚಾಚಿದೆ. ನನ್ನ ಬೆರಳುಗಳಾದ ಮೇಲೆ ಅಪ್ಪ ತಮ್ಮನ ಮುಂದೆ ನಿಂತ. ತಮ್ಮನ ಕೈಗಳು ಖಾಲಿ ಇದ್ದವು. ಅವನು ನನ್ನನ್ನೊಮ್ಮೆ ನೋಡಿ ಎರಡೂ ಕೈ ಮುಂದಕ್ಕೆ ಚಾಚಿಬಿಟ್ಟ. ಅಪ್ಪ ತನ್ನ ಎಡಗೈಯಿಂದ ಅವನ ಅಂಗೈ ಹಿಡಿದು, ಬಲಗೈಯ ಬೆರಳಿನಿಂದ ಗೆರೆ ಎಳೆಯಲು ಹೋದ. ನಾಲ್ಕೂ ಕೈಗಳು ಒಂದಕ್ಕೊಂದು ತಾಗಿ ನಡುಗಿದವು. ಯಾರ ನಡುಕ ಯಾವುದೆಂದು ನೋಡುತ್ತ ನಿಂತ ನನಗೂ ತಿಳಿಯಲಿಲ್ಲ. ಅಪ್ಪ ಆ ಅಂಗೈಯನ್ನು ಎಂದಿಗಿಂತ ಹೆಚ್ಚು ಹೊತ್ತು ಹಿಡಿದುಕೊಂಡಿದ್ದ. ತಲೆ ಎತ್ತಲಿಲ್ಲ.

"ಈ ವರ್ಷ ನನ್ನ ಕೈ ಭಾಳ ನಡಗಾಕತ್ತೈತಿ" ಎಂದ.

"ಹೌದಪಾ" ಎಂದೆವು ಇಬ್ಬರೂ.

ಅವನು ತಮ್ಮನ ಎಲ್ಲ ಬೆರಳಿಗೂ ವಿಭೂತಿ ಹಚ್ಚಿ ಮುಗಿಸಿದ. ಅಂದು ಮಧ್ಯಾಹ್ನ ಅಪ್ಪ ಊಟ ಮಾಡಲಿಲ್ಲ.